ಜೀಪಿನೊಳಗೆ ಮೈಕದಣ್ಣ ಇರಲಿಲ್ಲ

ಮಾತು ಶುರುಮಾಡುವ ಮೊದಲು ಅವರ ಗಂಟಲಿನ ಉಬ್ಬು ಒಮ್ಮೆ ಮೇಲಕ್ಕೆ ಹೋಗಿ, ಅಲ್ಲಿ ಅರೆಗಳಿಗೆ ನಿಂತು, ಕೆಳಗಿಳಿಯುತ್ತಿತ್ತು. ಇಳಿದ ಮೇಲೆಯೇ ಸ್ವರ. ಕುತ್ತಿಗೆ ಸಪೂರ, ಶರ್ಟಿನ ಮೇಲಿನ ಗುಂಡಿ ಯಾವಾಗಲೂ ಬಿಚ್ಚಿದ್ದು. ಹಾಗಾಗಿ ಆ ಉಬ್ಬಿನ ಓಡಾಟ ದೂರಕ್ಕೂ ಕಾಣುತ್ತಿತ್ತು. ರೆಕಾರ್ಡಿಂಗ್ ಕೋಣೆಯ ಗಾಜಿನ ಈಚೆ ಕೂತು ನಾನು ಅದನ್ನೇ ನೋಡುತ್ತಿದ್ದೆ. ಅದು ಇಳಿಯುವಾಗ ಬಟನ್ ಒತ್ತಿದರೆ ಮೊದಲ ಅಕ್ಷರ ಸರಿಯಾಗಿ ಸಿಗುತ್ತಿತ್ತು.

ಸುಳ್ಯ, ಪುತ್ತೂರು, ಕಡಬದ ರಸ್ತೆಗಳಲ್ಲಿ ಆ ಸ್ವರ ಕೇಳದವರಿಲ್ಲ. ಹೆಸರು ಗೊತ್ತಿದ್ದವರು ಕಡಿಮೆ. ಎಲ್ಲರಿಗೂ ಅವರು ಮೈಕದಣ್ಣ. ಮೇಲೆ ಹಾರ್ನ್ ಸ್ಪೀಕರ್ ಕಟ್ಟಿದ ಅವರ ಹಳೆಯ ಜೀಪು, ಡ್ರೈವರ್ ಪಕ್ಕದ ಸೀಟಿನಲ್ಲಿ ಇವರು, ಕೈಯಲ್ಲಿ ಕರವಸ್ತ್ರ ಸುತ್ತಿದ ಮೈಕು. ಬಟ್ಟೆ ಅಂಗಡಿಯ ಉದ್ಘಾಟನೆ, ಕಬಡ್ಡಿ ಪಂದ್ಯಾಟ, ಕಣ್ಣಿನ ತಪಾಸಣೆ ಶಿಬಿರ, ಕಾಣೆಯಾದ ದನ, ಎಲ್ಲವೂ ಅವರ ಬಾಯಿಂದಲೇ ಊರಿಗೆ ಗೊತ್ತಾಗಬೇಕು. ಮನೆಯಲ್ಲಿ ತುಳು. ಜೀಪಿನಲ್ಲಿ ಮಾತ್ರ ಜಾಗ ನೋಡಿ ಭಾಷೆ: ಅರಂತೋಡಿನ ಕಡೆ ಅರೆಭಾಷೆ, ಪೇಟೆಯ ಮೀನು ಮಾರ್ಕೆಟಿನ ಹತ್ತಿರ ಬ್ಯಾರಿ, ಗಡಿಯ ಕಡೆ ಸ್ವಲ್ಪ ಮಲಯಾಳ. ಆಸ್ಪತ್ರೆಯ ಎದುರು ಮೈಕು ಬಂದ್. ಯಾರಾದರೂ ತೀರಿಕೊಂಡರೆ ಆ ಸುದ್ದಿ ಹೇಳಲು ಅವರು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ನಾನು ಗುತ್ತಿಗಾರಿನವಳು. ಡಿಗ್ರಿ ಮುಗಿಸಿ ಸುಳ್ಯ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಫ್ಲೆಕ್ಸ್ ಅಂಗಡಿಗೆ ಕೆಲಸಕ್ಕೆ ಸೇರಿದೆ. ಅಂಗಡಿಯ ಹಿಂದೆ ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ ಪುಟ್ಟ ರೆಕಾರ್ಡಿಂಗ್ ಕೋಣೆ ಇತ್ತು. ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಒಮ್ಮೆ ಸೀರೆ ಅಂಗಡಿಯ ಜಾಹೀರಾತಿಗೆ ಹೆಣ್ಣು ಸ್ವರ ಬೇಕಿತ್ತು, ಬರಬೇಕಾದ ಹುಡುಗಿ ಬರಲಿಲ್ಲ. ಮೈಕದಣ್ಣ ಗಾಜಿನ ಆಚೆಯಿಂದ ಕೈಸನ್ನೆ ಮಾಡಿ ಕರೆದರು. ಒಳಗೆ ಹೋಗಿ ಶಾಲೆಯಲ್ಲಿ ಪಾಠ ಓದಿದ ಹಾಗೆ ಓದಿದೆ. ಅವರು ಕಾಗದ ಕಸಿದುಕೊಂಡರು.

"ಯಾರಿಗೆ ಹೇಳುದು ನೀನು ಇದನ್ನು?"

"ಜನರಿಗೆ."

"ಜನರು ಅಂತ ಯಾರೂ ಇಲ್ಲ ತಂಗಿ. ಒಬ್ಬರನ್ನು ನೆನೆಸಿಕೊ. ಅವರ ಹತ್ರ ಹೇಳು."

ನಾನು ನನ್ನ ಚಿಕ್ಕಮ್ಮನನ್ನು ನೆನೆಸಿಕೊಂಡು, ಅವರ ಹತ್ತಿರ ಸೀರೆಯ ಸುದ್ದಿ ಹೇಳಿದೆ. ಆ ದಿನದಿಂದ ಜೀಪಿನಲ್ಲಿ ನನ್ನ ಸ್ವರವೂ ಊರು ಸುತ್ತತೊಡಗಿತು. ಇವತ್ತು ನಾನು ಉಣ್ಣುವ ಅನ್ನದ ಕಸುಬು ಹಾಗೆ ಬಂದದ್ದು.

ಅವರೊಂದಿಗೆ ಕೆಲಸ ಮಾಡುವುದು ಸುಲಭ ಇರಲಿಲ್ಲ. ಕಣ್ಣಾರೆ ನೋಡದೆ ಏನನ್ನೂ ಹೇಳುವವರಲ್ಲ. ಒಬ್ಬ ಚಪ್ಪಲಿ ಅಂಗಡಿಯವರು ‘ಇಡೀ ತಾಲೂಕಿನಲ್ಲೇ ಅತಿ ಕಡಿಮೆ ಬೆಲೆ’ ಎಂದು ಬರೆದುಕೊಂಡು ಬಂದಿದ್ದರು. ಇವರು ಕೇಳಿದರು, "ಬೇರೆ ಅಂಗಡಿಗೆಲ್ಲ ಹೋಗಿ ನೋಡಿದ್ದೀರಾ?" ಅವರು ನಕ್ಕು, "ಜಾಹೀರಾತು ಅಂದ್ರೆ ಹಾಗೇ ಅಲ್ವಾ ಮಾರಾಯ್ರೆ" ಎಂದರು. "ಕಡಿಮೆ ಬೆಲೆ ಅಂತ ಹೇಳ್ತೇನೆ. ಅತಿ ಕಡಿಮೆ ನಾನು ನೋಡ್ಲಿಲ್ಲ." ಅಷ್ಟೇ. ಒಂದು ಶಬ್ದಕ್ಕಾಗಿ ಅರ್ಧ ದಿನ ಹಾಳು. ಅಂಗಡಿಯವರು ಹೋದ ಮೇಲೆ ನಾನು ಸಿಟ್ಟು ಮಾಡಿದೆ. ಅವರು ಫ್ಲಾಸ್ಕಿನಿಂದ ಕರಿಮೆಣಸು ಹಾಕಿದ ಬಿಸಿನೀರು ಬಗ್ಗಿಸಿಕೊಳ್ಳುತ್ತ ಹೇಳಿದರು: "ಕೇಳಿದವರು ನಾಳೆ ನನಗೆ ಬಸ್ಸಲ್ಲಿ ಸಿಗ್ತಾರೆ. ಮೀನು ತೆಗೊಳ್ಳುವಲ್ಲಿ ಸಿಗ್ತಾರೆ. ಅಂಗಡಿಯವರು ಒಳಗೆ ಕೂತಿರ್ತಾರೆ, ಸಿಗುದು ನಾನು."

ಆಮೇಲೆ ಎಐ ಬಂತು. ಬಂತು ಅಂದರೆ, ಎಲ್ಲರ ಬಾಯಿಗೆ ಬಂತು. ಬೇಕರಿಯವರು, ಟೈಲ್ಸ್ ಅಂಗಡಿಯವರು, ಹಲ್ಲಿನ ಕ್ಲಿನಿಕ್ಕಿನವರು, ಯಾರನ್ನು ಕಂಡರೂ ‘ನಾವೂ ಎಐ ಮಾಡಿದ್ದೇವೆ’. ಎಂತಕ್ಕೆ ಎಂದು ಕೇಳಿದರೆ ‘ಈಗ ಎಲ್ಲ ಅದೇ ಅಲ್ವಾ’. ನಮ್ಮ ಎದುರಿನ ಹಾರ್ಡ್‌ವೇರ್ ಅಂಗಡಿಗೆ ಪೈಪ್ ಉಂಟಾ ಎಂದು ವಾಟ್ಸಾಪ್ ಮಾಡಿದರೆ ಮಿಷನ್ನು ಉತ್ತರ ಕೊಡುತ್ತಿತ್ತು: ‘ನಮಸ್ಕಾರ! ನಾನು ನಿಮಗೆ ಹೇಗೆ ಸಹಾಯ ಮಾಡಲಿ?’ ಪೈಪ್ ಬೇಕು ಎಂದರೆ ‘ಖಂಡಿತ! ನಿಮಗೆ ಯಾವ ಸೇವೆ ಬೇಕು?’ ಕೊನೆಗೆ ರಸ್ತೆ ದಾಟಿ ಹೋಗಿ ಕೇಳಿದರೆ ಅಂಗಡಿಯವರು ಪೈಪಿನ ಪಕ್ಕದಲ್ಲೇ ಕೂತು ಮೊಬೈಲ್ ನೋಡುತ್ತಿದ್ದರು.

ಜಾಹೀರಾತೂ ಹಾಗೆಯೇ ಆಯಿತು. ಬರೆಯುವುದು ಮಿಷನ್ನು, ಓದುವುದು ಮಿಷನ್ನು. ನಮ್ಮ ಅಂಗಡಿಗೆ ತಂದು ‘ಇದಕ್ಕೆ ಸ್ವಲ್ಪ ಮ್ಯೂಸಿಕ್ ಹಾಕಿ ಕೊಡಿ’ ಎನ್ನುತ್ತಿದ್ದರು. ಮೈಕದಣ್ಣ ಮೊದಲ ಸಲ ಕೇಳಿದಾಗ ತಲೆ ಓರೆಮಾಡಿ, "ಇವ ಯಾವ ಊರಿನವ? ಒಳ್ಳೆ ಸ್ವರ. ಆದ್ರೆ ಯಾರ ಹತ್ರವೂ ಮಾತಾಡ್ತಾ ಇಲ್ಲ" ಎಂದರು. ಕೆಲಸ ಕಡಿಮೆಯಾದಾಗಲೂ ಯಾರನ್ನೂ ದೂರಲಿಲ್ಲ. ಒಮ್ಮೆ ತುಳು ಜಾಹೀರಾತೊಂದರಲ್ಲಿ ಮಿಷನ್ನು ‘ಇಲ್ಲ್’ ಎನ್ನುವುದನ್ನು ‘ಇಲ್ಲ’ ಎಂದು ಓದಿತ್ತು. ತುಳುವಿನಲ್ಲಿ ‘ನಿಕ್ಲೆನ ಇಲ್ಲ್’ ಅಂದರೆ ನಿಮ್ಮ ಮನೆ. ಪೇಂಟಿನ ಅಂಗಡಿಯ ಜಾಹೀರಾತು ಅದು. ಬಣ್ಣ ಬಳಿಯಬೇಕಾದ ಮನೆಯೇ ಇಲ್ಲ ಎಂದ ಹಾಗಾಯಿತು. ಮೈಕದಣ್ಣ ನಗಲಿಲ್ಲ. ಅಂಗಡಿಯವರಿಗೆ ಫೋನ್ ಮಾಡಿ, ತಾನೇ ಬಂದು ಆ ಒಂದು ಶಬ್ದ ಹೇಳಿಕೊಡುತ್ತೇನೆ, ಏನೂ ಕೊಡುವುದು ಬೇಡ ಎಂದರು. "ಅಷ್ಟೆಲ್ಲ ಯಾರು ಕೇಳ್ತಾರೆ ಅಣ್ಣ" ಎಂದು ಅವರು ಫೋನಿಟ್ಟರು. ಪೇಂಟಿನವರ ಜೀಪು ಹಾಗೆಯೇ ಊರು ಸುತ್ತಿತು.

ಒಂದು ಮಧ್ಯಾಹ್ನ ಅವರು ನಮ್ಮ ಕೋಣೆಯಲ್ಲಿ ಶಾಲೆಯೊಂದರ ವಾರ್ಷಿಕೋತ್ಸವದ ಪ್ರಕಟಣೆ ಹೇಳುತ್ತಿದ್ದರು. ಮನೆಯಿಂದ ಅತ್ತಿಗೆಯ ಫೋನ್ ಬಂತು. ಅವರ ಹೆಂಡತಿಯನ್ನು ನಾನು ಅತ್ತಿಗೆ ಎಂದೇ ಕರೆಯುತ್ತಿದ್ದೆ. ಕೈಯಲ್ಲಿ ಮೈಕಿದ್ದುದರಿಂದ ಅಣ್ಣ ಸ್ಪೀಕರ್ ಹಾಕಿದರು.

"ಎಂತ ನೀವು, ಗೇಟಿನ ಎದುರೇ ಹೋದ್ರಿ, ನಿಲ್ಲಿಸಲೇ ಇಲ್ಲ! ನೀರು ಹಿಡ್ಕೊಂಡು ನಿಂತಿದ್ದೆ ನಾನು."

"ನಾನಾ? ನಾನು ಸುಳ್ಯದಲ್ಲಿ ಇದ್ದೇನಲ್ಲ."

"ಈಗಷ್ಟೇ ಹೋದದ್ದು ಮತ್ತೆ ಯಾರು? ಕೇಳಿ ಬೇಕಾದ್ರೆ." ಅತ್ತಿಗೆ ಫೋನನ್ನು ರಸ್ತೆಯ ಕಡೆ ಹಿಡಿದಿರಬೇಕು. ದೂರ ಹೋಗುತ್ತಿದ್ದ ಹಾರ್ನಿನಿಂದ ಮೈಕದಣ್ಣನ ಸ್ವರ ಕೇಳಿತು. ಫ್ರಿಜ್ಜು, ಮಿಕ್ಸಿ, ಗ್ರೈಂಡರ್, ಯಾವುದೇ ಹಳೆಯದು ತನ್ನಿ, ಹೊಸದು ಒಯ್ಯಿರಿ.

ಅವರು ಆ ಮಾತು ಹೇಳಿಯೇ ಇರಲಿಲ್ಲ. ರೆಕಾರ್ಡ್ ಮಾಡುವವಳು ನಾನು. ನನಗೆ ಗೊತ್ತಿಲ್ಲದೆ ಅವರದು ಯಾವುದೂ ಹೊರಗೆ ಹೋಗುತ್ತಿರಲಿಲ್ಲ.

ಆ ಜೀಪು ಸಂಜೆಯ ಹೊತ್ತಿಗೆ ಸುಳ್ಯ ಪೇಟೆಗೆ ಬಂತು. ಮೈಕದಣ್ಣ ರಸ್ತೆಗಿಳಿದು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಒಳಗೆ ಡ್ರೈವರ್ ಒಬ್ಬನೇ, ಪಕ್ಕದ ಸೀಟು ಖಾಲಿ.

"ಯಾರು ಮಾತಾಡಿದ್ದು ಇದರಲ್ಲಿ?"

"ಯಾರೂ ಇಲ್ಲ ಅಣ್ಣ, ಪೆನ್‌ಡ್ರೈವ್ ಕೊಟ್ಟಿದ್ದಾರೆ." ಅವನು ಇವರ ಮುಖವನ್ನೇ ನೋಡಿ, ಖುಷಿಯಾಗಿ ಹೇಳಿದ: "ನಿಮ್ಮ ಸ್ವರವೂ ಇದರ ಹಾಗೇ ಉಂಟಲ್ಲ!"

ಆ ಮಾತು ಕೇಳಿ ಅವರು ರಸ್ತೆಯ ಬದಿಗೆ ಸರಿದು ನಿಂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಯಾರೋ ಮೈಮೇಲೆ ಕೈಹಾಕಿದ ಹಾಗೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು.

ಪುತ್ತೂರಿನಲ್ಲಿ ದೊಡ್ಡ ಅಂಗಡಿ, ಸುಳ್ಯ ಮತ್ತು ಕಡಬದಲ್ಲಿ ಬ್ರಾಂಚು ಇರುವ ಗೃಹೋಪಯೋಗಿ ಸಾಮಾನಿನವರ ಜಾಹೀರಾತು ಅದು. ಹಿಂದಿನ ವರ್ಷಗಳಲ್ಲಿ ಮೈಕದಣ್ಣನೇ ಅವರಿಗೆ ಹೇಳಿದವರು. ಆ ಹಳೆಯ ರೆಕಾರ್ಡಿಂಗುಗಳನ್ನು ಮಿಷನ್ನಿಗೆ ಕೊಟ್ಟು ಅದೇ ಸ್ವರ ಮಾಡಿಸಿದ್ದರು. ಮರುದಿನ ನಾವಿಬ್ಬರೂ ಪುತ್ತೂರಿಗೆ ಹೋದೆವು. ಮ್ಯಾನೇಜರ್ ಸಣ್ಣ ಪ್ರಾಯದವರು, ಮರ್ಯಾದೆಯಿಂದಲೇ ಕೂರಿಸಿದರು, ಜ್ಯೂಸ್ ತರಿಸಿದರು.

"ಅದು ನಿಮ್ಮ ಸ್ವರ ಅಲ್ಲ ಸರ್. ನಿಮ್ಮ ಹಾಗಿನ ಸ್ವರ."

"ನನ್ನ ಹೆಂಡ್ತಿಗೆ ಗೊತ್ತಾಗ್ಲಿಲ್ಲ."

"ಅದೇ ಸರ್, ಅಷ್ಟು ಚಂದ ಬಂದಿದೆ!"

ನನಗೆ ಆ ಜ್ಯೂಸಿನ ಗ್ಲಾಸು ಎತ್ತಿ ಎಸೆಯುವಷ್ಟು ಸಿಟ್ಟು ಬಂತು. ಯಾರು ಮಾಡಿದ್ದು ಎಂದು ಕೇಳಿದರೆ ಏಜೆನ್ಸಿಯವರು. ಏಜೆನ್ಸಿಗೆ ಅಲ್ಲಿಂದಲೇ ಫೋನ್ ಮಾಡಿದರೆ, ‘ನಾವು ಸಾಫ್ಟ್‌ವೇರ್ ಬಳಸುವವರು ಮಾತ್ರ, ಆಡಿಯೊ ಕೊಟ್ಟದ್ದು ಅಂಗಡಿಯವರು’. ಅಂಗಡಿಯವರನ್ನು ನೋಡಿದರೆ, ‘ನಮ್ಮ ಆಡಿಯೊ ನಾವು ಕೊಟ್ಟಿದ್ದೇವೆ, ಅದರಲ್ಲಿ ತಪ್ಪೇನುಂಟು’. ಯಾರ ಹತ್ತಿರ ಜಗಳ ಮಾಡುವುದು? ಕೊನೆಗೆ ಮ್ಯಾನೇಜರ್, ಒಂದು ಸಹಿ ಹಾಕಿಕೊಟ್ಟರೆ ವರ್ಷಕ್ಕಿಷ್ಟು ಎಂದು ಕೊಡಬಹುದು, ಅಣ್ಣ ಆರಾಮ ಮನೆಯಲ್ಲಿ ಕೂತಿರಬಹುದು ಎಂದರು.

"ನಾನು ಮನೆಯಲ್ಲಿ ಕೂತಿರುವಾಗ ಪೇಟೆಯಲ್ಲಿ ನಾನು ಎಂತ ಹೇಳಿದೆ ಅಂತ ನನಗೆ ಯಾರು ಹೇಳುದು?" ಎಂದು ಕೇಳಿದರು ಮೈಕದಣ್ಣ. ಮ್ಯಾನೇಜರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ವಿಚಾರಿಸಿ ತಿಳಿಸುತ್ತೇವೆ ಎಂದು ಎದ್ದರು. ತಿಳಿಸಲಿಲ್ಲ.

ಮುಂದಿನ ವಾರ ನಮ್ಮ ಅಂಗಡಿಯ ಎದುರು ಒಂದು ಆಟೊ ಬಂದು ನಿಂತಿತು. ಕಡಬದ ಆಚೆಯಿಂದ ಬಂದ ಬ್ಯಾರಿ ಹೆಂಗಸು, ಅತ್ತಿಗೆಯಷ್ಟೇ ಪ್ರಾಯ. ಅವರ ಕಾಲ ಬುಡದಲ್ಲಿ ಹಗ್ಗ ಕಟ್ಟಿದ ಹಳೆಯ ಗ್ರೈಂಡರು. ಮೊದಲು ಕಡಬದ ಬ್ರಾಂಚಿಗೆ ಹೋಗಿದ್ದಾರೆ, ಅಲ್ಲಿ ಸುಳ್ಯಕ್ಕೆ ಹೋಗಿ ಎಂದಿದ್ದಾರೆ. ಸುಳ್ಯದಲ್ಲಿ ಇಂಥ ಇಂಥ ಕಂಪನಿಯದು ಮಾತ್ರ, ಅದೂ ಚಾಲೂ ಇರುವುದು ಮಾತ್ರ ಎಂದು ವಾಪಸು ಕಳಿಸಿದ್ದಾರೆ. ‘ಯಾವುದೇ ಹಳೆಯದು ತನ್ನಿ’ ಎಂದು ಬರೆದದ್ದು ಮಿಷನ್ನು; ಷರತ್ತು ಬರೆಯಲು ಅದಕ್ಕೆ ಯಾರೂ ಹೇಳಿರಲಿಲ್ಲ, ಬರೆದದ್ದನ್ನು ಯಾರೂ ಓದಿಯೂ ಇರಲಿಲ್ಲ. ಮೈಕದಣ್ಣ ಇಲ್ಲಿ ಸಿಗುತ್ತಾರೆಂದು ಯಾರೋ ಹೇಳಿದ್ದರಿಂದ ಆ ಹೆಂಗಸು ಆಟೊ ಇತ್ತ ತಿರುಗಿಸಿದ್ದರು.

ಅವರು ಬೈಯಲಿಲ್ಲ. ಬ್ಯಾರಿಯಲ್ಲಿ ಮೆಲ್ಲ ಹೇಳಿದರು: "ಅಂಗಡಿಯವರ ಮಾತು ಆದ್ರೆ ನಾನು ಬರ್ತಿರ್ಲಿಲ್ಲ. ನೀವು ಹೇಳಿದ್ರಿ ಅಂತ ಬಂದದ್ದು."

"ಅದು ನಾನಲ್ಲ ಉಮ್ಮಾ. ಮಿಷನ್ನು ಹೇಳಿದ್ದು."

ಆಕೆ ಅವರ ಬಾಯಿಯನ್ನೇ ನೋಡಿದರು. "ಈಗ ಮಾತಾಡ್ತಾ ಉಂಟಲ್ಲ, ಇದೇ ಸ್ವರ. ನನಗೆ ವಯಸ್ಸಾಗಿದೆ, ಕಿವಿ ಹೋಗ್ಲಿಲ್ಲ."

ಮೈಕದಣ್ಣ ಆಟೊದವನನ್ನು ಕಳಿಸಿ, ಗ್ರೈಂಡರನ್ನು ತಾವೇ ಎತ್ತಿ ಜೀಪಿಗೆ ಹಾಕಿ, ಆಕೆಯನ್ನು ಮನೆಯವರೆಗೆ ಬಿಟ್ಟುಬಂದರು. ಇಳಿಯುವಾಗ ಆಕೆ, ‘ನೀವಾದರೂ ಹೇಳಬಾರದಿತ್ತು’ ಎಂದರಂತೆ. ಅದನ್ನು ನನಗೆ ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವರು ಜೀಪನ್ನು ಸುಳ್ಯ ಬಸ್‌ಸ್ಟ್ಯಾಂಡಿನ ಎದುರು ನಿಲ್ಲಿಸಿ ಮೈಕು ಹಿಡಿದರು. ನಾನು ಪಕ್ಕದಲ್ಲಿದ್ದೆ. "ಬಂಧುಗಳೇ, ಫ್ರಿಜ್ಜು ಮಿಕ್ಸಿಯ ಜಾಹೀರಾತಿನಲ್ಲಿ ನೀವು ಕೇಳುವ ಸ್ವರ ನನ್ನದಲ್ಲ. ಆ ಮಾತು ನಾನು ಹೇಳಲಿಲ್ಲ. ನಂಬಿ ಹೋಗಬೇಡಿ." ಕನ್ನಡದಲ್ಲಿ ಹೇಳಿದರು, ತುಳುವಿನಲ್ಲಿ ಹೇಳಿದರು, ಬ್ಯಾರಿಯಲ್ಲಿ, ಅರೆಭಾಷೆಯಲ್ಲಿ ಹೇಳಿದರು. ಜನ ನಿಂತರು. ನಿಂತು ನಕ್ಕರು. ಅದೇ ಸ್ವರ, ಅದೇ ಧಾಟಿ, ‘ಇದು ನಾನಲ್ಲ’ ಎನ್ನುತ್ತಿದೆ! ಹೋಟೆಲಿನಿಂದ ಹೊರಬಂದ ಒಬ್ಬರು, "ಒಳ್ಳೆ ಐಡಿಯಾ ಮಾರಾಯ್ರೆ ಅಡ್ವರ್ಟೈಸ್‌ಮೆಂಟಿಗೆ" ಎಂದು ಹೆಬ್ಬೆರಳು ತೋರಿಸಿದರು. ಕಾಲೇಜಿನ ಮಕ್ಕಳು ವಿಡಿಯೊ ಮಾಡಿದರು. ನಾನು ಜೀಪಿನಿಂದಿಳಿದು, ಇದು ಜಾಹೀರಾತಲ್ಲ, ನಿಜ ಹೇಳುತ್ತಿದ್ದಾರೆ ಎಂದು ಒಬ್ಬೊಬ್ಬರ ಹತ್ತಿರ ಕೂಗಿದೆ. ನನ್ನನ್ನೂ ಜಾಹೀರಾತಿನವಳೆಂದೇ ತಿಳಿದರು. ನನ್ನ ಸ್ವರವೂ ಗೊತ್ತಿತ್ತಲ್ಲ ಅವರಿಗೆ.

ಮಧ್ಯಾಹ್ನದೊಳಗೆ ಆ ವಿಡಿಯೊ ಎಲ್ಲರ ಮೊಬೈಲಿಗೆ ಬಂತು. ಪುತ್ತೂರಿನ ಅಂಗಡಿಯವರೇ ಅದನ್ನು ತಮ್ಮ ಪೇಜಿನಲ್ಲಿ ಹಾಕಿಕೊಂಡಿದ್ದರು, ಕೆಳಗೆ ನಗುವ ಮುಖದ ಚಿತ್ರ ಅಂಟಿಸಿ. ಮೈಕದಣ್ಣ ಅದನ್ನು ನೋಡಿ ಮೊಬೈಲನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರು. "ನಿಜ ಹೇಳ್ಲಿಕ್ಕೂ ಅದೇ ಗಂಟಲು ಬೇಕಲ್ಲ" ಎಂದರು.

ವಕೀಲರೊಬ್ಬರನ್ನು ಕಂಡೆವು. ಕೇಸು ಹಾಕಬಹುದು, ಆದರೆ ಸ್ವರ ನಿಮ್ಮದೇ ಎಂದು ಮೊದಲು ತೋರಿಸಬೇಕಾಗುತ್ತದೆ ಎಂದರು. ಜೀವಮಾನವಿಡೀ ಊರಿಗೆಲ್ಲ ಮಾತಾಡಿದ ಮನುಷ್ಯ, ತನ್ನ ಸ್ವರ ತನ್ನದೆಂದು ತೋರಿಸಬೇಕು! ಮೆಟ್ಟಿಲಿಳಿಯುವಾಗ ನಾನು ಬೈಯುತ್ತಲೇ ಇದ್ದೆ. ಅವರು ಏನೋ ಲೆಕ್ಕ ಹಾಕುವವರ ಹಾಗೆ ಒಂದೊಂದೇ ಮೆಟ್ಟಿಲು ಇಳಿದರು.

ಕೊನೆಗೆ ಅವರು ಮಾಡಿದ್ದು ಯಾರೂ ಎಣಿಸದ್ದು. ಮೈಕು ಬಿಟ್ಟರು. ಜೀಪಿನ ಮೇಲಿನ ಹಾರ್ನ್ ಬಿಚ್ಚಿಸಿದರು. ಅಂಗಡಿ, ಹೋಟೆಲು, ಮಸೀದಿಯ ಎದುರು, ಭಜನಾಮಂದಿರದ ಎದುರು, ಸಿಕ್ಕಿದವರಿಗೆಲ್ಲ ಹೇಳುತ್ತ ನಡೆದರು: "ಇನ್ನು ಮೇಲೆ ಮೈಕಿನಲ್ಲಿ ನನ್ನ ಸ್ವರ ಕೇಳಿದ್ರೆ ಅದು ನಾನಲ್ಲ. ನಾನು ಮಾತಾಡುದಾದ್ರೆ ಹೀಗೆ ಎದುರು ನಿಂತೇ ಮಾತಾಡುದು." ಕೆಲವರು ತಲೆಯಾಡಿಸಿದರು. ಕೆಲವರು ಅಣ್ಣನಿಗೆ ತಲೆ ಕೆಟ್ಟಿತು ಎಂದರು.

ನನಗೂ ಹಾಗೇ ಅನಿಸಿತು. ಅವರ ಮನೆಗೇ ಹೋಗಿ ಜಗಳ ಮಾಡಿದೆ. "ನೀವು ಬಿಟ್ರೆ ಅವರಿಗೇ ಲಾಭ ಅಲ್ವಾ ಅಣ್ಣ? ನಿಜದ್ದು ಹೋಗಿ ಸುಳ್ಳು ಮಾತ್ರ ಉಳಿತದೆ."

"ಎರಡೂ ಇದ್ರೆ ಯಾವುದು ಯಾವುದಂತ ಯಾರಿಗೂ ಗೊತ್ತಾಗುದಿಲ್ಲ. ಒಂದೇ ಇದ್ರೆ ಗೊತ್ತಾಗ್ತದೆ, ಅದು ಸುಳ್ಳು ಅಂತ. ನನ್ನ ಕೈಯಲ್ಲಿ ಇಷ್ಟೇ ಉಂಟು ತಂಗಿ."

"ನಿಮ್ಮ ಹೊಟ್ಟೆಪಾಡು?"

"ಜೀಪು ಉಂಟಲ್ಲ. ಬಾಡಿಗೆ ಹೋಗುದು."

ಅತ್ತಿಗೆ ನಡುವೆ ಬಂದು, "ಇವರಿಗೆ ಹೇಳಿ ಪ್ರಯೋಜನ ಇಲ್ಲ" ಎಂದು ಚಾ ಇಟ್ಟರು. ನಾನು ಕುಡಿಯದೆ ಎದ್ದುಬಂದೆ. ಆ ಸಿಟ್ಟು ಪೂರ್ತಿ ಇಳಿದಿದೆ ಎಂದು ಇವತ್ತೂ ಹೇಳಲಾರೆ.

ಅವರು ಹಟ ಬಿಡಲಿಲ್ಲ. ನೆರೆಮನೆಯ ಹಿರಿಯರೊಬ್ಬರು ತೀರಿಕೊಂಡಾಗ ಮಕ್ಕಳು ಬಂದು ಮೈಕಿನಲ್ಲಿ ಹೇಳಬೇಕೆಂದು ಬೇಡಿಕೊಂಡರು. ಅವರು ಚಪ್ಪಲಿ ಹಾಕಿಕೊಂಡು ಹೊರಟರು, ಮನೆಮನೆಗೆ ಹೋಗಿ ಹೇಳಿಬಂದರು. ಸಂಜೆ ಕಾಲು ಊದಿತ್ತು.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ, ಬಾಡಿಗೆ ಮುಗಿಸಿ ಬಂದು ಜೀಪಿನಿಂದ ಇಳಿಯುವಾಗ ಎದೆನೋವು ಎಂದರು. ಆಸ್ಪತ್ರೆಗೆ ಮುಟ್ಟಲಿಲ್ಲ.

ಸುದ್ದಿ ಹೇಗೆ ತಿಳಿಸುವುದು ಎಂಬ ಮಾತು ಬಂತು. ನೆರೆಯವರೊಬ್ಬರು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ‘ಮೊಬೈಲಿನಲ್ಲಿ ಈಗ ಮಾಡಬಹುದು, ಅವರದೇ ಸ್ವರದಲ್ಲಿ ಹೇಳಿಸಿದರೆ ಚಂದ’ ಎಂದರು. ಅತ್ತಿಗೆ ಒಳಗಿನಿಂದ ಕೇಳಿಸಿಕೊಂಡು ಹೊರಬಂದು, "ಬೇಡ" ಎಂದರು. ಅಷ್ಟೇ. ನಾನು ಸ್ಕೂಟರ್ ತೆಗೆದೆ. ಇನ್ನು ಕೆಲವರು ಬೈಕ್ ಹತ್ತಿದರು. ಅರಂತೋಡಿನವರೆಗೆ ಹೋಗಿ ಗೊತ್ತಿದ್ದವರಿಗೆಲ್ಲ ಹೇಳಿದೆವು. ಪುತ್ತೂರು, ಕಡಬದ ಕಡೆಗೆ ಮುಟ್ಟಲು ಆಗಲಿಲ್ಲ. ಊರಿನ ಸಾವುಗಳನ್ನೆಲ್ಲ ಊರಿಗೆ ಹೇಳಿದವರ ಅಂಗಳದಲ್ಲಿ ಆ ದಿನ ಅರ್ಧ ಜನವೂ ಇರಲಿಲ್ಲ.

ಅವರು ಹೋದರು, ಜಾಹೀರಾತು ಹೋಗಲಿಲ್ಲ. ನಾನು ಪುತ್ತೂರಿನ ಅಂಗಡಿಗೆ ಮತ್ತೆ ಹೋದೆ. "ಅಯ್ಯೋ, ತೀರಿಕೊಂಡ್ರಾ, ಗೊತ್ತಿರ್ಲಿಲ್ಲ" ಎಂದು ಮ್ಯಾನೇಜರ್ ನಿಜವಾಗಿಯೇ ಬೇಸರ ಮಾಡಿಕೊಂಡರು. ಏಜೆನ್ಸಿಗೆ ಮೇಲ್ ಮಾಡುತ್ತೇನೆ ಎಂದರು. ಏಜೆನ್ಸಿಯಿಂದ ಉತ್ತರವೂ ಬಂತು: ಆ ಸ್ವರ ಈಗ ಅವರ ಸ್ವರಗಳ ಲೈಬ್ರರಿಯಲ್ಲಿದೆಯಂತೆ, ಬೇರೆ ಗಿರಾಕಿಗಳೂ ಬಳಸುತ್ತಿದ್ದಾರಂತೆ. ಅತ್ತಿಗೆಯ ಮನೆ ಇರುವ ರಸ್ತೆಗೆ ಮಾತ್ರ ಜೀಪು ಬಾರದ ಹಾಗೆ ನೋಡಿಕೊಳ್ಳುತ್ತಾರಂತೆ. ಮ್ಯಾನೇಜರ್ ಅದನ್ನೇ ದೊಡ್ಡ ಉಪಕಾರದ ಹಾಗೆ ಓದಿ ಹೇಳಿದರು. ಈಗ ಹಾಸಿಗೆ ಅಂಗಡಿಯವರೊಬ್ಬರು, ಕೋಳಿ ಫೀಡಿನವರೊಬ್ಬರು ಅದೇ ಸ್ವರದಲ್ಲಿ ಕೂಗಿಸುತ್ತಿದ್ದಾರೆ. ಏಜೆನ್ಸಿಯವರು ನನ್ನ ಸ್ವರವನ್ನೂ ಕೇಳಿದರು, ಸ್ವಲ್ಪ ಹೊತ್ತು ಓದಿಕೊಟ್ಟರೆ ಸಾಕೆಂದು. ಕೊಡಲಿಲ್ಲ. ಹಳೆಯ ರೆಕಾರ್ಡಿಂಗುಗಳು ಎಷ್ಟು ಅಂಗಡಿಗಳಲ್ಲಿ ಬಿದ್ದಿವೆಯೋ, ಅದರ ಮೇಲೆ ನನಗೇನು ಹಿಡಿತ? ಬರುವ ಅಷ್ಟಿಷ್ಟು ಕೆಲಸಕ್ಕೆ, ಓದುವ ಮೊದಲು ಅಂಗಡಿಗೆ ಹೋಗಿ ಸಾಮಾನು ನೋಡಿ ಬರುತ್ತೇನೆ. ಹಾಗೆ ಮಾಡದಿದ್ದರೆ ಬಾಯಿ ಬರುವುದಿಲ್ಲ.

ಮೊನ್ನೆ ಮದುವೆಯೊಂದಕ್ಕೆ ಕಡಬಕ್ಕೆ ಹೋಗಿದ್ದೆ. ಬಸ್ಸಿಗೆ ಹೊತ್ತಿದ್ದುದರಿಂದ ಪೇಟೆಯ ಒಂದು ಹೋಟೆಲಿಗೆ ಹೋಗಿ ಚಾ ಹೇಳಿದೆ. ಹಿಂದೆ ಜೀಪಿನಲ್ಲಿ ಬಂದಾಗ ನಾವು ಅಲ್ಲೇ ಕೂರುತ್ತಿದ್ದೆವು. ಹೋಟೆಲಿನವರಿಗೆ ನನ್ನ ಗುರುತು ಸಿಕ್ಕಿತು.

"ಎಂತ, ನಿಮ್ಮ ಮೈಕದಣ್ಣನಿಗೆ ಈಗ ನಮ್ಮ ಹೋಟೆಲು ಕಾಣುದಿಲ್ವಾ? ಎದುರಿಂದಲೇ ಹೋಗ್ತಾರೆ, ಇಳಿಯುದೇ ಇಲ್ಲ."

"ಅವರು ತೀರಿಕೊಂಡ್ರು."

"ಯಾರು?"

"ಮೈಕದಣ್ಣ."

ಅವರು ನಕ್ಕರು. "ಎಂತ ಹೇಳುದು ನೀವು! ನಿನ್ನೆ ಸಂಜೆ ಕೇಳಿದೆನಲ್ಲ. ಒಳ್ಳೆ ಗಟ್ಟಿ ಉಂಟು ಸ್ವರ."

ಇದು ಮೊದಲ ಸಲ ಅಲ್ಲ. ಪುತ್ತೂರಿನಲ್ಲಿ ಕಂಡಕ್ಟರೊಬ್ಬರು ಹೀಗೇ ಅಂದಿದ್ದರು, ಕೋಳಿ ಅಂಗಡಿಯವರು ಅಂದಿದ್ದರು. ಪ್ರತಿ ಸಲವೂ ಅವರ ಕಣ್ಣಲ್ಲಿ ಮೊದಲು ನಾನೇ ಸುಳ್ಳಿ. ನಾನು ಚಾ ಗ್ಲಾಸು ಕೆಳಗಿಟ್ಟೆ. ಹೋಟೆಲಿನವರನ್ನು ಎದುರಿನ ಬೆಂಚಿನಲ್ಲಿ ಕೂರಿಸಿದೆ. ರಸ್ತೆಯಲ್ಲಿ ಹೋಗುವುದು ಬರೀ ಪೆನ್‌ಡ್ರೈವ್ ಎಂದು ಹೇಳಿದೆ, ಯಾವಾಗ ತೀರಿಕೊಂಡರು, ಹೇಗೆ ತೀರಿಕೊಂಡರು ಎಂದು ಶುರುವಿನಿಂದ ಹೇಳಿದೆ, ಅವರ ಮುಖದ ನಗು ಪೂರ್ತಿ ಹೋಗುವವರೆಗೆ. ಬಸ್ಸು ಬಂದು ಹೋಯಿತು. ಮುಂದಿನ ಬಸ್ಸಿಗೆ ಕಾಯುತ್ತ ರಸ್ತೆ ಬದಿಯಲ್ಲಿ ನಿಂತಿದ್ದಾಗ, ಅವರು ಒಳಗೆ ಅಡುಗೆಯವನಿಗೆ ಹೇಳುತ್ತಿದ್ದುದು ಕೇಳಿಸಿತು: "ಗೊತ್ತುಂಟಾ, ನಮ್ಮ ಮೈಕದಣ್ಣ ಹೋದ್ರಂತೆ."